ಮಂಜಪ್ಪಣ್ಣನ ಕೆನ್ನೆ ಮತ್ತು ಆರನೇ ಬೋರ್ಡು

ಕೊರೊನಾ ಗಲಾಟೆ ಮುಗಿದ ಮರುವರ್ಷದ ಮಳೆಗಾಲ. ಸಾಗರದ ಹೊರವಲಯದ ಒಂದು ಮರದ ಕಾರ್ಖಾನೆಯಲ್ಲಿ ನಾನು ಪ್ರೊಡಕ್ಷನ್ ಸೂಪರ್‌ವೈಸರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮರದ ಪಟ್ಟಿಗಳನ್ನು ಅಂಟಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಬಾಗಿಲು ಮಾಡುವುದು ನಮ್ಮ ಕಸುಬು. ನಮ್ಮಪ್ಪ ತೀರ್ಥಹಳ್ಳಿಯ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದವರು. ಮನೆಯಲ್ಲಿ ಹತ್ತನೇ ತರಗತಿ ದಾಟಿದವನು ನಾನೇ ಮೊದಲು, ಡಿಗ್ರಿ ಮಾಡಿದವನೂ ನಾನೇ. ಬೇಸಿಗೆ ರಜೆಯಲ್ಲಿ ಅದೇ ಮಿಲ್ಲಿನ ಹೊಟ್ಟು ಹೊತ್ತು ಅರಣ್ಯಶಾಸ್ತ್ರ ಓದಿದೆ, ಮರದ ವಿಜ್ಞಾನವನ್ನು ವಿಶೇಷ ವಿಷಯ ಮಾಡಿಕೊಂಡೆ. ಆ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ನಾನು ಇಲ್ಲಿ ಹೇಳಹೊರಟ ತಪ್ಪು ಆದದ್ದೂ ಆ ಹೆಮ್ಮೆಯಿಂದಲೇ.

ಅದಕ್ಕೂ ಒಂದು ವರ್ಷ ಮುಂಚೆ, ಹೊಸನಗರದ ಬಸ್ಸಿಳಿದು ಒಬ್ಬ ಹುಡುಗಿ ಗೋಣಿ ಸುತ್ತಿದ ಆಳುದ್ದದ ವಸ್ತುವೊಂದನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಗೇಟಿಗೆ ಬಂದಿದ್ದಳು. ಬಿಚ್ಚಿ ನೆಲದ ಮೇಲಿಟ್ಟಳು. ನಮ್ಮ ಪ್ರೆಸ್ ಆಪರೇಟರ್ ಮಂಜಪ್ಪಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಎಂತ ಮಾರಾಯ್ತಿ ಇದು? ಇಸ್ತ್ರಿ ಮೇಜಾ?"

"ಸ್ನೋಬೋರ್ಡ್ ಅಣ್ಣ. ಹಿಮದ ಮೇಲೆ ಜಾರೋದು. ಮುರಿದೋಗಿದೆ. ಇಂಥದ್ದೇ ಒಂದು ಮಾಡೋಕೆ ಆಗತ್ತಾ?"

"ಹೊಸನಗರದಲ್ಲಿ ಹಿಮ ಬಿದ್ದಿದ್ದು ಯಾವಾಗ?"

"ಹಿಮ ಅಲ್ಲೇ ಇರ್ಲಿ. ನೀವು ಹಲಗೆ ಇಲ್ಲಿ ಮಾಡ್ಕೊಡಿ."

ಅವಳ ಹೆಸರು ಪ್ರತಿಮಾ. ಮಾಸ್ತಿಕಟ್ಟೆಯ ವಿದ್ಯುತ್ ಯೋಜನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ಫಿಟ್ಟರ್. ಕಾಲೇಜಿನ ಎನ್‌ಸಿಸಿಯಿಂದ ಪರ್ವತಾರೋಹಣದ ತರಬೇತಿಗೆಂದು ಕಾಶ್ಮೀರಕ್ಕೆ ಹೋದವಳು ಹಿಮದ ರುಚಿ ಹತ್ತಿಸಿಕೊಂಡು ಬಂದಿದ್ದಳು. ಚಳಿಗಾಲ ಪೂರ್ತಿ ಅಲ್ಲೇ ಒಂದು ಹಿಮದೂರಿನಲ್ಲಿ ಪ್ರವಾಸಿಗಳಿಗೆ ಜಾರುವುದನ್ನು ಕಲಿಸುತ್ತಿದ್ದಳು. ಅವಳದ್ದು ಸಾಮಾನ್ಯ ಸ್ನೋಬೋರ್ಡ್ ಅಲ್ಲ, ಆಲ್ಪೈನ್ ಬೋರ್ಡ್. ಅಗಲ ಕಡಿಮೆ, ಉದ್ದ ಜಾಸ್ತಿ, ಬಾಗದಷ್ಟು ಬಿಗಿ. ಕಾಲಿಗೆ ಮೆತ್ತನೆಯದರ ಬದಲು ಗಟ್ಟಿ ಬೂಟು. ಹಾರುವುದು, ಗಿರಕಿ ಹೊಡೆಯುವುದು ಇದರಲ್ಲಿ ಇಲ್ಲ. ಹಲಗೆಯನ್ನು ಅಡ್ಡ ವಾಲಿಸಿ, ಅದರ ಉಕ್ಕಿನ ಅಂಚನ್ನು ಹಿಮದೊಳಗೆ ಊರಿ, ತಿರುವಿನಿಂದ ತಿರುವಿಗೆ ಗೀರು ಎಳೆದುಕೊಂಡು ಇಳಿಯುವುದು. ಇದಕ್ಕೆ ಕಾರ್ವಿಂಗ್ ಎನ್ನುತ್ತಾರೆ.

ನಾವು ಮಾಡಿದ ಮೊದಲೆರಡು ಹಲಗೆಗಳು ಸೀಳಿದವು. ಮೂರನೆಯದು ನಿಂತಿತು. ಹೆಬ್ಬೇವಿನ ಪಟ್ಟಿಗಳ ನಡುವೆ ಸಿಲ್ವರ್ ಓಕ್ ಸೇರಿಸಿದ ತಿರುಳು, ಮೇಲೆ ಕೆಳಗೆ ಗಾಜಿನ ನಾರಿನ ಹಾಸು, ಎಪಾಕ್ಸಿ ಅಂಟು. ಆ ಚಳಿಗಾಲ ಅವಳು ಅದನ್ನು ಸವೆಯುವವರೆಗೆ ಓಡಿಸಿದ್ದನ್ನು ನೋಡಿ ಅವಳ ಕಾರ್ವಿಂಗ್ ಗುಂಪಿನವರು, ಅವಳೂ ಸೇರಿ, ಆರು ಬೋರ್ಡಿಗೆ ಆರ್ಡರ್ ಕೊಟ್ಟರು.

ಮರುಮಳೆಗಾಲ ಆ ಆರರ ಕೆಲಸ ಹಿಡಿದೆವು. ಪ್ರತಿಮಾ ಫೋನಿನಲ್ಲಿ, "ಅವ್ರದ್ದೆಲ್ಲ ಮೊದ್ಲು ಮಾಡಿ ಅಣ್ಣ, ನಂದು ಕೊನೆಗೆ ಸಾಕು" ಅಂದಿದ್ದಳು. ಐದು ಒತ್ತಿದ ಮೇಲೆ ಪ್ರೆಸ್ಸಿನ ಹೀಟರ್ ಕಾಯಿಲ್ ಸುಟ್ಟಿತು. ಹೊಸದು ಬರಲು ನಾಲ್ಕು ದಿನ. ಅವಳ ಬೋರ್ಡಿನ ತಿರುಳು ಅಷ್ಟೂ ದಿನ ಒಂದು ಅಂಚು ನೆಲಕ್ಕೆ ಊರಿ ಗೋಡೆಗೆ ಒರಗಿಕೊಂಡಿತ್ತು. ಹೊರಗೆ ಆಷಾಢದ ಮಳೆ.

ಐದನೇ ದಿನ ಪ್ರೆಸ್ ರೆಡಿಯಾಯಿತು. ಮಂಜಪ್ಪಣ್ಣ ತಿರುಳನ್ನು ಎತ್ತಿ, ಅವನ ರೂಢಿಯಂತೆ, ಕೆನ್ನೆಗೆ ಹಿಡಿದು ನೋಡಿದ. ಒಣಗಿದ ಮರ ಕೆನ್ನೆಗೆ ಬೆಚ್ಚಗೆ ಹತ್ತುತ್ತದೆ, ತೇವದ್ದು ತಣ್ಣಗೆ. ಸಾಮಿಲ್ಲಿನಲ್ಲಿ ನಮ್ಮಪ್ಪನೂ ಹೀಗೇ ನೋಡುತ್ತಿದ್ದರು. ಕಾಲೇಜು ಗೆಳೆಯರ ಮುಂದೆ ಅವರು ಹಾಗೆ ಮಾಡಿದಾಗ ನನಗೆ ನಾಚಿಕೆಯಾಗಿತ್ತು.

"ಒಂದು ಮಗ್ಗುಲು ತಂಪಿದೆ ಸಾರ್. ಮತ್ತೊಂದ್ಸಲ ಒಣಗಿಸೋಣ."

"ರಿಜಿಸ್ಟರ್ ನೋಡು ಮಂಜಪ್ಪಣ್ಣ. ತೇವದ ಮೀಟರ್ ಎಂಟು ಪರ್ಸೆಂಟ್ ತೋರಿಸಿದೆ."

"ಅದು ಒಣಗಿಸೋ ಒಲೆಯಿಂದ ತೆಗೆದ ದಿನದ್ದು."

"ನಾಲ್ಕು ದಿನಕ್ಕೆ ಎಂತ ಆಗತ್ತೆ?"

"ನಿಮ್ಮ ಡಿಗ್ರಿಗೆ ಶೀತ ಆಗಲ್ಲ ಬಿಡಿ ಸಾರ್. ಮರಕ್ಕೆ ಆಗತ್ತೆ."

ಉಳಿದವರು ನಕ್ಕರು. ಆ ನಗು ನನಗೆ ನಾಟಿತು. ಮೀಟರ್ ಮೇಜಿನ ಮೇಲೇ ಇತ್ತು, ಇನ್ನೊಂದು ಸಲ ಚುಚ್ಚಿ ನೋಡಲು ಅರ್ಧ ನಿಮಿಷ ಸಾಕಿತ್ತು. ಚುಚ್ಚಿದರೆ ಮಂಜಪ್ಪಣ್ಣನ ಮಾತು ಕೇಳಿದ ಹಾಗಾಗುತ್ತದೆ ಅಂತ ಚುಚ್ಚಲಿಲ್ಲ. "ಒತ್ತು" ಅಂದೆ. ಒತ್ತಿದ. ಬೋರ್ಡು ಸಾಗರದಲ್ಲಿ ಇರುವಷ್ಟು ದಿನ ಗಾಜಿನಂತೆ ಸಪಾಟಾಗಿತ್ತು.

ಮುಂದಿನ ಫೆಬ್ರವರಿಯಲ್ಲಿ ಗುಂಪಿನವರು ನನ್ನನ್ನು ಕಾಶ್ಮೀರಕ್ಕೆ ಕರೆಸಿಕೊಂಡರು. "ನೀವು ಮಾಡಿದ್ದು ಓಡೋದನ್ನ ಒಂದ್ಸಲ ನೋಡಿ ಅಣ್ಣ" ಅಂದಳು ಪ್ರತಿಮಾ. ನಾನು ಹಿಮ ಕಂಡದ್ದು ಅದೇ ಮೊದಲು. ಒಂದೇ ಲಾಡ್ಜಿನ ಎರಡು ಕೋಣೆಯಲ್ಲಿ ಆರೂ ಜನ ಇದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯ, ಲಡಾಖಿನ ತಾಶಿ, ನಲವತ್ತು ದಾಟಿದವನು. ಕಾಶ್ಮೀರದವಳೇ ಆದ ನೂರ್, ಪ್ರತಿಮಾಳ ಓರಗೆಯವಳು, ಹೆಚ್ಚುಕಡಿಮೆ ಅವಳದೇ ತೂಕ. ಅದಕ್ಕೇ ಅವರಿಬ್ಬರ ಬೋರ್ಡನ್ನು ಒಂದೇ ಅಳತೆಯಲ್ಲಿ, ಒಂದೇ ಅಚ್ಚಿನಲ್ಲಿ ಮಾಡಿದ್ದೆವು. ಉಳಿದ ಮೂವರು ಭಾರದ ಗಂಡಸರು. ಪ್ರತಿಮಾಳ ದೆಸೆಯಿಂದ ಆ ಗುಂಪಿಗೆ ಸ್ವಲ್ಪ ಕನ್ನಡ ಅಂಟಿತ್ತು. ನಾನು ಚೀಲ ಇಳಿಸುವ ಮೊದಲೇ ತಾಶಿ, "ಬಂದ್ರಾ? ಎಂತ ಮಾರಾಯ, ಚಳಿ?" ಅಂದ.

ಅವರ ರೀತಿಯೇ ಬೇರೆ. ಬೆಳಿಗ್ಗೆ ಯಂತ್ರ ಹಿಮವನ್ನು ಬಾಚಿ ಹೋದ ಕೂಡಲೇ, ಬೇರೆ ಯಾರೂ ಕಾಲಿಡುವ ಮೊದಲು, ತಂತಿಗೆ ತೂಗುವ ಕುರ್ಚಿ ಲಿಫ್ಟಿನಲ್ಲಿ ಮೊದಲಿಗರಾಗಿ ಮೇಲೆ ಹೋಗುತ್ತಾರೆ. ಕೊನೆಯವರ ಬೂಟು ಬಿಗಿಯಾಗುವವರೆಗೆ ಯಾರೂ ಹೊರಡುವುದಿಲ್ಲ. ಕೊನೆಯವರು ಇಳಿದು ಬರುವವರೆಗೆ ಯಾರೂ ಮತ್ತೆ ಲಿಫ್ಟ್ ಹತ್ತುವುದಿಲ್ಲ. ಒಬ್ಬರನ್ನೊಬ್ಬರು ಹೊಗಳುವುದಂತೂ ಇಲ್ಲವೇ ಇಲ್ಲ. ಮೇಲೆ ಹೋಗುವಾಗ ಕುರ್ಚಿಯಿಂದ ಬಗ್ಗಿ, ಕೆಳಗೆ ಬಿದ್ದಿರುವ ತಮ್ಮ ತಮ್ಮ ಗೀರು ನೋಡುತ್ತಾರೆ. ಬಾಳೆದಿಂಡಿಗೆ ಚಾಕು ಎಳೆದ ಹಾಗೆ ತೆಳ್ಳಗಿದ್ದರೆ ಅದೇ ಹೊಗಳಿಕೆ. ಮೆತ್ತನೆ ಬೂಟಿನ ಹುಡುಗರು ಇವರನ್ನು "ಅಂಕಲ್ ಪಾರ್ಟಿ" ಎಂದು ಆಡಿಕೊಳ್ಳುತ್ತಿದ್ದರು. ಇವರಿಗೆ ಅದರ ಪರಿವೆಯೇ ಇರಲಿಲ್ಲ.

ನಾನು ಹೋದ ಮೂರನೇ ದಿನ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಆಯ್ಕೆ ಓಟವಿತ್ತು. ಹೆಂಗಸರಲ್ಲಿ ಮೂವರಿಗೆ ಜಾಗ. ಹಿಂದಿನ ವರ್ಷ ಚೆನ್ನಾಗಿ ಓಡಿದ್ದ ಪ್ರತಿಮಾಗೆ ಈ ಸಲ ಖಂಡಿತ ಎಂದು ಎಲ್ಲರೂ ನಂಬಿದ್ದರಂತೆ. ಆದರೆ ಡಿಸೆಂಬರಿನಿಂದ ಅವಳ ಹಿಮ್ಮಡಿ ಕಡೆಯ ತಿರುವು ಕೆಟ್ಟಿತ್ತು. ಹಲಗೆಯ ಮೇಲೆ ಅಡ್ಡ ನಿಂತಾಗ ಒಂದು ಅಂಚು ಬೆರಳ ಕಡೆ, ಇನ್ನೊಂದು ಹಿಮ್ಮಡಿ ಕಡೆ ಇರುತ್ತದೆ. ಬೆರಳ ಕಡೆಯ ತಿರುವಿನಲ್ಲಿ ತೆಳ್ಳನೆ ಗೀರು. ಹಿಮ್ಮಡಿ ಕಡೆಗೆ ತಿರುಗಿದರೆ ಪೊರಕೆ ಎಳೆದ ಹಾಗೆ ಅಗಲ ಉಜ್ಜು. ಅಂಚು ಮಸೆದು ನೋಡಿದ್ದರು, ಏನೂ ಆಗಲಿಲ್ಲ. ಇನ್ನೊಬ್ಬರು ಅವಳ ಬೋರ್ಡು ಹತ್ತಿ ನೋಡಬಹುದಿತ್ತು. ಗಂಡಸರ ಭಾರಕ್ಕೆ ಅದು ಸಾಲದು. ನೂರ್ ಎಡಗಾಲು ಮುಂದಿಡುವವಳು, ಪ್ರತಿಮಾ ಬಲಗಾಲು. ಬೂಟು ಕಚ್ಚಿಸುವ ತಟ್ಟೆಗಳನ್ನು ಬಿಚ್ಚಿ ತಿರುಗಿಸಿದ್ದರೆ ಅವಳಿಗಾಗುತ್ತಿತ್ತು, ಆದರೆ ಆ ಗೋಜಿಗೆ ಯಾರೂ ಹೋಗಲಿಲ್ಲ. ಮೊಣಕಾಲು ಇನ್ನೂ ಬಗ್ಗಿಸು, ಭುಜ ತಿರುಗಿಸು ಎಂದು ಎಲ್ಲರೂ ಅವಳಿಗೇ ಹೇಳಿದರು. ಅವಳೂ ನಂಬಿದಳು.

ಓಟದ ಹಿಂದಿನ ದಿನ ಬೆಳಿಗ್ಗೆ ನಾನು ಇಳಿಜಾರಿನ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಗೀರು ನೋಡುತ್ತಿದ್ದೆ. ತಿರುವಿನ ಮೊದಲಿನಿಂದ ಉಜ್ಜು ಶುರುವಾಗುವ ಜಾಗದವರೆಗೆ ಹೆಜ್ಜೆ ಹಾಕಿ ಅಳೆದೆ. ಐದು ಹೆಜ್ಜೆ. ಮುಂದಿನ ತಿರುವಿನಲ್ಲೂ ಐದು. ಅದರ ಮುಂದಿನದರಲ್ಲೂ ಐದು. ಮನುಷ್ಯನ ತಪ್ಪು ಒಂದೊಂದು ಸಲ ಒಂದೊಂದು ಜಾಗದಲ್ಲಿ ಆಗುತ್ತದೆ. ಪ್ರತಿ ಸಲ ಒಂದೇ ಅಳತೆಯಲ್ಲಿ ತಪ್ಪುವುದು ವಸ್ತು.

ಲಾಡ್ಜಿನ ಊಟದ ಮೇಜಿಗೆ ಗಾಜಿನ ಹಾಸಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಬೋರ್ಡನ್ನು ಅದರ ಮೇಲೆ ಮಲಗಿಸಿದೆ. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿತ್ತು. ಸಂದಿಗೆ ಎರಡು ನಾಣ್ಯ ಸಲೀಸಾಗಿ ಹೋದವು. ಮೂರು ಮಿಲಿಮೀಟರಿನಷ್ಟು ತಿರುಚು. ಮಳೆಗಾಲದಲ್ಲಿ ನೀರು ಕುಡಿದ ಮಗ್ಗುಲು ಬೆಟ್ಟದ ಒಣಚಳಿಯಲ್ಲಿ ಕುಗ್ಗಿತ್ತು. ಮಂಜಪ್ಪಣ್ಣನಿಗೆ ಫೋನ್ ಮಾಡಿದೆ.

"ಆ ಕೊನೇ ಬೋರ್ಡು ತಿರುಚಿದೆ ಮಂಜಪ್ಪಣ್ಣ."

"ಆ ಹುಡುಗಿಗೆ ಹೇಳಿದ್ರಾ?"

"ನಾಳೆ ಓಟ ಇದೆ. ಈಗ ಹೇಳಿದ್ರೆ ಎದೆ ಒಡ್ಕೊಳ್ತಾಳೆ. ಮುಗಿದ ಮೇಲೆ..."

"ಸಾರ್, ಅವಳು ತನ್ನದೇ ತಪ್ಪು ಅಂದ್ಕೊಂಡಿದಾಳಾ?"

"ಹೂಂ."

"ಹಂಗಾದ್ರೆ ಈಗ್ಲೇ ಹೇಳಿ. ಹೇಳ್ದೇ ಬಂದ್ರೆ ದಿನಾ ನನ್ನ ಮುಖ ನೋಡ್ಬೇಕಾಗತ್ತೆ ನೀವು."

ಸಂಜೆಯ ಚಹಾಕ್ಕೆ ಎಲ್ಲರೂ ಸೇರಿದಾಗ ಹೇಳಿದೆ. ಮೀಟರ್ ಪಕ್ಕದಲ್ಲೇ ಇದ್ದದ್ದು, ಮಂಜಪ್ಪಣ್ಣ ಎಚ್ಚರಿಸಿದ್ದು, ನಾನು ಕೇಳದೇ ಇದ್ದದ್ದು, ಎಲ್ಲ. ನನ್ನ ಹಿಂದಿ ಹರಕು. ಅರ್ಧಕ್ಕೆ ಕನ್ನಡಕ್ಕೆ ಇಳಿದೆ. ಪ್ರತಿಮಾ ಅದನ್ನು ಉಳಿದವರಿಗೆ ಅನುವಾದ ಮಾಡಿ ಹೇಳಬೇಕಾಗಿ ಬಂತು. ಒಂದೆರಡು ವಾಕ್ಯ ಹೇಳಿದವಳು ನಿಲ್ಲಿಸಿದಳು.

"ಎರಡು ತಿಂಗಳು ಅಣ್ಣ. ಎರಡು ತಿಂಗಳು ನನ್ನ ಮೊಣಕಾಲಿಗೆ ಬೈಕೊಂಡೆ. ಮನೆಗೆ ಫೋನ್ ಮಾಡಿ, ಇದು ನನ್ನ ಕೈಲಾಗಲ್ಲ, ವಾಪಸ್ ಬರ್ತೀನಿ ಅಂದೆ."

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ತಾಶಿ ಹೋಗಿ ತನ್ನ ಬೋರ್ಡು ತಂದು ಗಾಜಿನ ಮೇಲಿಟ್ಟು ಒತ್ತಿ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ತಂದಿಟ್ಟರು. ಐದೂ ಸಪಾಟಾಗಿದ್ದವು. ಕೊನೆಯದು ನೂರ್‌ಳದು. ಅವಳು ಅದನ್ನು ಮೇಜಿನಿಂದ ಎತ್ತಿಕೊಳ್ಳಲಿಲ್ಲ, ಪ್ರತಿಮಾಳ ಕಡೆ ದೂಡಿದಳು.

"ಎಂತ ಅಳೂದು ಮಾರಾಯ್ತಿ? ಇದ್ರಲ್ಲಿ ಓಡು."

"ನೀನು?"

"ನಾನೂ ಇದ್ರಲ್ಲೇ."

ಅದೇ ಮೂರು ಜಾಗಕ್ಕೆ ನೂರ್ ಕೂಡ ಓಡುವವಳು. ತಾಶಿ ಲೆಕ್ಕ ಹಾಕಿದ. ಓಟದ ಸಾಲಿನಲ್ಲಿ ನೂರ್ ಮೂರನೆಯವಳು, ಪ್ರತಿಮಾ ಹನ್ನೊಂದನೆಯವಳು. ನೂರ್ ಕೆಳಗೆ ಮುಟ್ಟಿದ ಕೂಡಲೇ ತಾಶಿ ಬೋರ್ಡು ಹಿಡಿದು ಲಿಫ್ಟ್ ಹತ್ತಬೇಕು. ಮೇಲೆ ನಾನು ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಕಚ್ಚಿಸುವ ತಟ್ಟೆಗಳು, ಅವನ್ನು ಎಡಗಾಲಿನಿಂದ ಬಲಗಾಲಿಗೆ ತಿರುಗಿಸಬೇಕು. ಒಂದಕ್ಕೆ ನಾಲ್ಕರಂತೆ ಎಂಟು ಸ್ಕ್ರೂ. ಎರಡನೇ ಸುತ್ತಿಗೂ ಅದೇ ಸಾಲು, ಹಾಗಾಗಿ ಒಟ್ಟು ಮೂರು ಸಲ ಬದಲಿಸುವ ಕೆಲಸ. ಅಲ್ಲೇ ಮೇಜಿನ ಮೇಲೆ ಅಭ್ಯಾಸ ಮಾಡಿದೆ. ತಾಶಿ ವಾಚು ಹಿಡಿದ. ಆರನೇ ಪ್ರಯತ್ನಕ್ಕೆ ಮೂರು ನಿಮಿಷಕ್ಕೆ ಇಳಿಸಿದೆ.

ಮರುದಿನ ಮೊದಲ ಬದಲಾವಣೆಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಮರಗೆಲಸದವರಿಗೆ ಮೊಳೆ, ಸ್ಕ್ರೂ ಬಾಯಲ್ಲಿ ಕಚ್ಚಿಕೊಳ್ಳುವುದು ಅಭ್ಯಾಸ. ಬಿಚ್ಚಿದ ಸ್ಕ್ರೂಗಳನ್ನು ಯೋಚಿಸದೆ ತುಟಿಗೆ ಸಿಕ್ಕಿಸಿಕೊಂಡೆ. ಆ ಚಳಿಗೆ ಲೋಹ ತುಟಿಗೆ ಅಂಟಿಕೊಂಡಿತು. ಕೀಳಲು ಹೋದರೆ ಚರ್ಮ ಬರುತ್ತಿದೆ. ಪ್ರತಿಮಾ ಹಿಂದಿನ ಸಂಜೆಯಿಂದ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ನನ್ನ ಮುಖ ನೋಡಿ ಅವಳ ಬಾಯಿಂದ ಅಚಾನಕ್ಕಾಗಿ ನಗು ಹೊರಟಿತು.

"ಉಸಿರು ಬಿಡಿ ಅಣ್ಣ, ಬಿಸಿ ಉಸಿರು! ಎಳೀಬೇಡಿ!"

ಬಿಟ್ಟೆ. ಎರಡು ಸ್ಕ್ರೂ ಬಿಟ್ಟುಕೊಂಡವು, ಒಂದು ಚರ್ಮ ಸಮೇತ ಬಂತು. ರಕ್ತ ಒರೆಸಿಕೊಂಡು ಎಂಟನ್ನೂ ಬಿಗಿ ಮಾಡಿದೆ. ಅವಳ ಹೆಸರು ಕೂಗುವಾಗ ಬೂಟು ಕಚ್ಚಿತ್ತು.

ಅವಳು ಇಳಿದಳು. ಮೇಲಿನಿಂದ ನನಗೆ ಬೆನ್ನು ಮಾತ್ರ ಕಂಡಿತು. ಹಿಮ್ಮಡಿ ಕಡೆಗೆ ಮೊದಲ ತಿರುವು. ಎರಡು ತಿಂಗಳು ಸೊಟ್ಟ ಹಲಗೆಯನ್ನು ಹಿಡಿದಿಡಲು ಕಲಿತ ಮೈ ಅದು. ನೆಟ್ಟಗಿನ ಹಲಗೆಯ ಮೇಲೂ ಹಾಗೇ ತುಳಿಯಿತು. ಬೋರ್ಡು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿ ಹೊತ್ತು ಹೋಯಿತು. ಎರಡನೇ ಸುತ್ತಿನಲ್ಲಿ ಎಷ್ಟೋ ಸುಧಾರಿಸಿದಳು. ಆದರೆ ಎರಡೂ ಸುತ್ತಿನ ಸಮಯ ಕೂಡಿಸಿಯೇ ಆಯ್ಕೆ. ನೂರ್ ಎರಡನೆಯವಳಾದಳು, ಪ್ರತಿಮಾ ನಾಲ್ಕನೆಯವಳು.

ಫಲಿತಾಂಶ ಓದಿದ ಮೇಲೆ ಯಾರೂ ಸಮಾಧಾನ ಹೇಳಲಿಲ್ಲ. ಆರೂ ಜನ ಮತ್ತೆ ಲಿಫ್ಟ್ ಹತ್ತಿದರು, ನನ್ನನ್ನೂ ಹತ್ತಿಸಿದರು. ಅರ್ಧ ದಾರಿಯಲ್ಲಿ ತಾಶಿ ಕೆಳಗೆ ಬೆರಳು ತೋರಿಸಿದ. ಕೊನೆಯ ನಾಲ್ಕೈದು ತಿರುವುಗಳಲ್ಲಿ ಪ್ರತಿಮಾಳ ಗೀರು ಎರಡೂ ಕಡೆ ಒಂದೇ ತೆಳುವಾಗಿತ್ತು. ಅವಳು ತುಂಬ ಹೊತ್ತು ಬಗ್ಗಿ ನೋಡಿದಳು.

"ನನ್ನ ಮೊಣಕಾಲು ಸರಿಯಾಗೇ ಇದೆ" ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಒಂದು ವರ್ಷ ಅವಳ ಕೈಯಿಂದ ಹೋಯಿತು, ಅದು ನನ್ನಿಂದ. ಇದನ್ನು ಮೆದು ಮಾಡಿ ಹೇಳುವ ದಾರಿ ನನಗೆ ಗೊತ್ತಿಲ್ಲ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ, ನಾನು ಕೇಳಿಲ್ಲ. ಓದಿದ್ದು ದಂಡ ಅಂತಲೂ ನಾನು ಹೇಳುವುದಿಲ್ಲ. ಐದು ಹೆಜ್ಜೆಯ ಲೆಕ್ಕ ಹಿಡಿದದ್ದು ಆ ಓದೇ. ಮೀಟರೂ ಸುಳ್ಳು ಹೇಳಿರಲಿಲ್ಲ. ಅದು ಅವತ್ತಿನ ಸತ್ಯ ಹೇಳಿತ್ತು, ನಾನು ಅದನ್ನು ನಾಲ್ಕು ದಿನ ಹಳಸಿದ ಮೇಲೆ ಬಳಸಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಎರಡೇ ಮಾತು. ಮರ ಮುಟ್ಟಿದವನು ಮಾತಾಡಿದರೆ, ಅವನು ಎಷ್ಟು ಓದಿದ್ದಾನೆ ಎಂದು ನೋಡದೆ ನಾವೂ ಒಮ್ಮೆ ಮುಟ್ಟಿ ನೋಡಬೇಕು. ತಪ್ಪು ಯಾರದೆಂದು ಗೊತ್ತಿರುವವನು ನೀನೊಬ್ಬನೇ ಆದರೆ, ಇನ್ನೊಬ್ಬರು ಅದನ್ನು ಹೊತ್ತುಕೊಂಡು ತಿರುಗುವಾಗ ಸುಮ್ಮನಿರಬಾರದು.

ಊರಿಗೆ ಬಂದ ಮರುದಿನ ರಿಜಿಸ್ಟರಿನಲ್ಲಿ ಮೀಟರ್ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದು, ಮೇಲೆ "ಕೆನ್ನೆ" ಎಂದು ಬರೆದೆ. ಒತ್ತುವ ದಿನ ಮೀಟರ್ ಚುಚ್ಚಿ ಅಂಕಿ ಬರೆಯುತ್ತೇನೆ, ಆಮೇಲೆ ಮಂಜಪ್ಪಣ್ಣ ಕೆನ್ನೆಗೆ ಹಿಡಿದು ಸಹಿ ಹಾಕುತ್ತಾನೆ. ನಾನೂ ಹಿಡಿದು ನೋಡುತ್ತೇನೆ, ಈಗೀಗ ಗೊತ್ತಾಗುತ್ತದೆ. ತಪಾಸಣೆಗೆ ಬಂದವರು ಇದೆಂತದು ಎಂದು ಕೇಳಿದರೆ ಮಂಜಪ್ಪಣ್ಣ, "ಅದನ್ನ ನಮ್ಮ ಡಿಗ್ರಿ ಸಾರ್‌ನ ಕೇಳಿ" ಅನ್ನುತ್ತಾನೆ.

ಮುಂದಿನ ಮಳೆಗಾಲ ಪ್ರತಿಮಾಳ ಫೋನ್ ಬಂತು. ಅವಳಿಗೊಂದು ಹೊಸ ಬೋರ್ಡು ಬೇಕಿತ್ತು. ರಿಜಿಸ್ಟರಿನ ಹೊಸ ಕಾಲಮ್ಮಿನ ವಿಷಯ ಹೇಳಿದೆ. ಈ ಸಲ ನಿನ್ನದನ್ನೇ ಮೊದಲು ಮಾಡುತ್ತೇನೆ, ಒತ್ತುವ ದಿನ ರಿಜಿಸ್ಟರಿನ ಫೋಟೊ ಕಳಿಸುತ್ತೇನೆ ಎಂದೆ.

"ಕಳ್ಸಿ ಅಣ್ಣ. ಮೀಟರಿಂದು ಅಲ್ಲ, ಕೆನ್ನೆದು."