‘ಹೇಗಿದ್ದೀರಿ’ ಎಂದು ಕೇಳದ ರುಕ್ಮಿಣಕ್ಕ

ರುಕ್ಮಿಣಕ್ಕ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕವರ ಮುಖವನ್ನು ಒಂದು ಗಳಿಗೆ ನೋಡಿ, ‘ಕೂತ್ಕೊಳ್ಳಿ’ ಎನ್ನುವರು, ಇಲ್ಲವೇ ‘ಮನೆಗೋಗಿ ಮಲಕ್ಕೊಳ್ಳಿ’ ಎನ್ನುವರು. ಆಫೀಸಿನಲ್ಲಿ ಇದನ್ನು ಜಂಬ ಎಂದುಕೊಂಡವರೇ ಹೆಚ್ಚು. ಈಗ ವಯಸ್ಸಾಗಿ ನನ್ನ ಮಂಡಿ ಸೋತಿದೆ. ಹೇಗಿದೆ ಎಂದು ಕೇಳುವವರಿಗೆಲ್ಲ ಉತ್ತರ ಹೇಳಿ ಹೇಳಿ ಸಾಕಾದಾಗ ಅವರು ನೆನಪಾಗುತ್ತಾರೆ.

ಎಂಬತ್ತರ ದಶಕದ ಮಾತು. ಕಂಪ್ಯೂಟರ್ ತಯಾರಿಸುವ ಒಂದು ಕಂಪನಿಯಲ್ಲಿ ಅವರು ನನಗೆ ಹಿರಿಯರು. ಅವರ ಊರು ಸಂಪಿಗೆ, ನನ್ನದು ಕಂದಿಕೆರೆ. ರಜೆ ಬಂದರೆ ಇಬ್ಬರೂ ತಿಪಟೂರು ಬಸ್ಸು ಹತ್ತಿ ಕೆ.ಬಿ. ಕ್ರಾಸಿನಲ್ಲಿ ಇಳಿಯುವೆವು. ಅಲ್ಲಿಂದ ಅವರು ತುರುವೇಕೆರೆ ದಿಕ್ಕಿಗೆ, ನಾನು ಚಿಕ್ಕನಾಯಕನಹಳ್ಳಿ ದಿಕ್ಕಿಗೆ.

ಯಂತ್ರ ಎಲ್ಲಿ ನಿಧಾನವಾಗುತ್ತಿದೆ ಎಂದು ಹೊರಗಿನಿಂದ ಕೇಳಿ ತಿಳಿಯಲು ಒಂದು ದಾರಿ ಮಾಡುವುದು ನಮ್ಮ ಕೆಲಸ. ಉತ್ತರ ಹೇಳಬೇಕಾದದ್ದು ಕರ್ನಲ್, ಅಂದರೆ ಯಂತ್ರದ ಕೆಲಸಗಳನ್ನೆಲ್ಲ ಹಂಚಿ ನಡೆಸುವ ಮೂಲ ಪ್ರೋಗ್ರಾಂ. ನಮ್ಮ ಸಾಹೇಬರಿಗೆ ಎಲ್ಲವೂ ಬೇಕು. ಒಳಗೆ ಏನೇ ನಡೆದರೂ ಕರ್ನಲ್ ಅದನ್ನು ಆಗಿಂದಾಗಲೇ ಬರೆದಿಡಬೇಕು. ಹಾಗೇ ಮಾಡಿದೆವು. ಬರೆಯುವುದರಲ್ಲೇ ಮುಳುಗಿದ ಯಂತ್ರ ಆಮೆಯಾಯಿತು. ನಿಧಾನಕ್ಕೆ ಕಾರಣ ನಾವೇ ಎಂದು ನಮ್ಮ ಲೆಕ್ಕವೇ ಸಾರಿ ಹೇಳುತ್ತಿತ್ತು. ರುಕ್ಮಿಣಕ್ಕ ನಕ್ಕುಬಿಟ್ಟರು.

‘ಅಟ್ಟದ ಮೇಲಿನ ಕಾಯಿ ಒಣಗೈತಾ ಅಂತ ದಿನಾ ಒಂದೊಂದು ಒಡೆದು ನೋಡಿದ್ರೆ, ಕೊಬ್ಬರಿ ಆಗಕ್ಕೆ ಕಾಯಿ ಎಲ್ಲುಳೀತದೆ ಕಣಪ್ಪ? ಕಿವಿ ಹತ್ರ ಹಿಡ್ದು ಅಲ್ಲಾಡ್ಸು. ಲೊಟಲೊಟ ಅಂದ್ರೆ ಒಣಗೈತೆ. ಅನ್ಲಿಲ್ವಾ, ಇದ್ದಲ್ಲೇ ಇಟ್ಟು ಬುಡು.’

ಅವರ ಯೋಜನೆ ಇಷ್ಟೇ. ಕೇಳುವವನು ತನಗೇನು ಬೇಕೆಂದು ಮೊದಲೇ ಹೇಳಬೇಕು, ಕರ್ನಲ್ ಅದೊಂದನ್ನೇ ಎಣಿಸಬೇಕು, ಅವನು ಸಾಕೆಂದರೆ ಎಣಿಕೆಯೂ ನಿಲ್ಲಬೇಕು. ಇದನ್ನು ಒಪ್ಪಿಸಲು ತಿಂಗಳುಗಟ್ಟಲೆ ಸಭೆಗಳಾದವು. ಪ್ರತಿ ಸಭೆಗೂ ಸಾಹೇಬರು ‘ಇದೂ ಇರಲಿ, ಅದೂ ಇರಲಿ’ ಎಂದು ಇನ್ನಷ್ಟು ಸೇರಿಸಿಕೊಂಡು ಬರುವರು.

‘ಕೇಳಕ್ಕೊಂದು ಬಾಗ್ಲು ಇಟ್ಟಿದ್ದೀನಿ ಸಾರ್, ಬಾಗ್ಲಲ್ಲೇ ಸಂತೆ ಕಟ್ಟಬೇಡಿ’ ಎಂದು ರುಕ್ಮಿಣಕ್ಕ ಹೇಳಿದ್ದನ್ನೇ ಹೇಳುವರು. ಕೊನೆಗೆ ಸಾಹೇಬರು ಒಪ್ಪಿದರು. ಗೆದ್ದ ದಿನ ರುಕ್ಮಿಣಕ್ಕನಿಗೆ ಕಾಫಿ ಲೋಟ ಎತ್ತುವಷ್ಟೂ ಸತುವಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎದೆ ಒತ್ತಿಕೊಂಡರು. ದುಡಿದ ಸುಸ್ತು ಎಂದುಕೊಂಡೆವು. ಹೃದಯದ ಕಾಯಿಲೆ ಎಂದು ಆಮೇಲೆ ತಿಳಿಯಿತು.

ಕೆಲಸ ಬಿಟ್ಟು ಅವರು ಸಂಪಿಗೆಯ ತಮ್ಮನ ಮನೆ ಸೇರಿದರು. ನೋಡಲು ಹೋದೆ. ಉಳಿಯುತ್ತಾರೋ ಇಲ್ಲವೋ ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿ. ನಡುಮನೆ ತುಂಬ ನೆಂಟರಿದ್ದರು. ‘ಈಗೆಂಗೈತಕ್ಕ?’ ‘ಉಂಡ್ಯಾ?’ ‘ನಿದ್ದೆ ಬತ್ತದಾ?’ ಒಬ್ಬೊಬ್ಬರಿಗೂ ಅವರು ದಿಂಬಿನಿಂದ ತಲೆಯೆತ್ತಿ ಉತ್ತರ ಹೇಳಿ ಏದುಸಿರು ಬಿಡುತ್ತಿದ್ದರು. ನೆಂಟರ ಪ್ರೀತಿ ಸುಳ್ಳಲ್ಲ. ಆದರೂ ನನಗೆ ರೇಗಿತು.

ಅವರೆಲ್ಲ ಎದ್ದು ಹೋದ ಮೇಲೆ, ನಾನು ಬಾಯಿ ತೆರೆಯುವ ಮೊದಲೇ ರುಕ್ಮಿಣಕ್ಕ, ‘ನೀನೂ ಕೇಳ್ಬೇಡ ಕಣಪ್ಪ. ಹೇಳಕ್ಕೂ ಉಸ್ರು ಬೇಕು’ ಎಂದರು.

ಕೇಳಲಿಲ್ಲ. ಮಂಚದ ಪಕ್ಕ ಸುಮ್ಮನೆ ಕೂತೆ. ಅವರ ಉಸಿರು ಏರುವುದು, ತಡೆಯುವುದು, ಮತ್ತೆ ಇಳಿಯುವುದು ಕೇಳುತ್ತಿತ್ತು. ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು.

ಬಸ್ಸಿನ ಹೊತ್ತಾಯಿತು. ಉತ್ತರ ಬೇಡದ ಮಾತನ್ನೇ ಹುಡುಕಿ ‘ಬತ್ತೀನಕ್ಕ’ ಎಂದು ಎದ್ದೆ. ಅವರು ತಲೆಯೆತ್ತಿಯೇಬಿಟ್ಟರು.

‘ಕ್ರಾಸಲ್ಲಿ ಕೊನೇ ಬಸ್ಸು ಕಾಯಕ್ಕಿಲ್ಲ... ಬಿರ್ರನೆ ಹೋಗು.’

ಅಷ್ಟು ಹೇಳಲು ನಡುವೆ ಒಮ್ಮೆ ಉಸಿರೆಳೆದುಕೊಂಡರು. ನಾನು ಮತ್ತೆ ಸಂಪಿಗೆಗೆ ಹೋಗುವಷ್ಟರಲ್ಲಿ ಆ ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದರು.