ಕಾಳಗಿ ಜೀಪಿನ ಕೂಗು ಮತ್ತು ನನ್ನ ಎಂಟು ಸಾವಿರ ಸಬ್‌ಸ್ಕ್ರೈಬರುಗಳು

ಮೂರು ವರ್ಷಗಳ ಹಿಂದೆ ನಾನು ಏಕಕಾಲಕ್ಕೆ ಎರಡು ಹುದ್ದೆಗಳಲ್ಲಿದ್ದೆ. ವಾಡಿಯ ಒಂದು ಮೊಬೈಲ್ ಅಂಗಡಿಯಲ್ಲಿ ಫೋನಿಗೆ ಗ್ಲಾಸ್ ಅಂಟಿಸುವವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನದೇ ವಿಡಿಯೊ ಚಾನಲ್ಲಿನ ಸಂಸ್ಥಾಪಕ, ನಿರ್ದೇಶಕ, ನಟ ಮತ್ತು ಬಹುಕಾಲ ಅದರ ಏಕೈಕ ಪ್ರೇಕ್ಷಕ. ಚಾನಲ್ಲಿನ ಸರಕು ಮಿಮಿಕ್ರಿ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಒಡಕು ಕಲ್ಲನ್ನು ಬೆರಳಿನಿಂದ ಕುಟ್ಟಿ “ಸೋನಾ ಅದರಿ, ಸೋನಾ” ಎನ್ನುವುದು, ಸೇಡಂನ ಮದುವೆಗಳಲ್ಲಿ ಮೈಕು ಹಿಡಿದವನು ಊಟ ತಣ್ಣಗಾಗುವವರೆಗೂ ಗಣ್ಯರ ಹೆಸರು ಓದುವುದು, ಚಿಂಚೋಳಿ ಕಡೆಯ ಬೀಗರು ಕನ್ನಡದಲ್ಲಿ ಮಾತು ಆರಂಭಿಸಿ ತೆಲುಗಿನಲ್ಲಿ ಸಿಟ್ಟಾಗುವುದು. ನನಗೆ ಯಾರ ಮೇಲೂ ಗೌರವವಿರಲಿಲ್ಲ. ಅದನ್ನೇ ಪ್ರತಿಭೆ ಎಂದುಕೊಂಡಿದ್ದೆ.

ಈ ವೃತ್ತಿಯ ಲೆಕ್ಕ ತಿಳಿಯದವರಿಗೆ ಒಂದು ಮಾತು. ನಮ್ಮ ಚಾನಲ್ಲಿಗೆ ಹೊಸದೇನಾದರೂ ಬಂದರೆ ತನಗೆ ತಿಳಿಸಿ ಎಂದು ಗುಂಡಿ ಒತ್ತಿದವನು ಸಬ್‌ಸ್ಕ್ರೈಬರು. ಅಂಥವರು ಸಾವಿರವಾಗಬೇಕು, ಜನ ನಮ್ಮನ್ನು ಸಾವಿರಾರು ಗಂಟೆ ನೋಡಿರಬೇಕು. ಆಮೇಲಷ್ಟೇ ಕಂಪನಿ ನಮ್ಮ ಮುಖದ ನಡುವೆ ಸೋಪಿನ ಜಾಹೀರಾತು ತೂರಿಸುವ ಕೃಪೆ ಮಾಡುತ್ತದೆ. ನನ್ನ ಬಳಿ ಇದ್ದವರು ಇನ್ನೂರ ಹನ್ನೆರಡು ಜನ. ಅದರಲ್ಲಿ ಸೋದರಮಾವಂದಿರು, ಅವರ ಮಕ್ಕಳು, ನನ್ನವೇ ನಾಲ್ಕು ಸುಳ್ಳು ಖಾತೆಗಳು.

ಗ್ಲಾಸ್ ಅಂಟಿಸುವ ಕೆಲಸದಲ್ಲಿ ಒಂದು ಅನುಕೂಲವಿದೆ. ಗಿರಾಕಿ ತಾನಾಗಿಯೇ ಫೋನಿನ ಬೀಗ ತೆಗೆದು ನಮ್ಮ ಕೈಗೆ ಕೊಟ್ಟು ರಸ್ತೆ ನೋಡುತ್ತ ನಿಲ್ಲುತ್ತಾನೆ. ಗಾಳಿಗುಳ್ಳೆ ಒತ್ತಿ ತೆಗೆಯುವ ನೆಪದಲ್ಲಿ ನಾನು ನನ್ನ ಚಾನಲ್ ತೆರೆದು ಗುಂಡಿ ಒತ್ತಿಬಿಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ಸಾವಿರ ದಾಟಿತು. ಒಂದು ದಿನ ಒಬ್ಬ ಹಿರಿಯರು ಅಂಗಡಿಗೆ ಮರಳಿ ಬಂದರು.

“ತಮ್ಮಾ, ಈ ಫೋನಿಗಿ ಏನೋ ರೋಗ ಬಂದದ ನೋಡು. ದಿನಾ ಒಬ್ಬ ಕೋತಿ ಮುಖದಂವ ಬಂದು ಹಲ್ಲ ಕಿಸೀಲಿಕತ್ತಾನ.”

ನಾನು ಗಂಭೀರವಾಗಿ ಫೋನು ತೆಗೆದುಕೊಂಡು, ಒತ್ತಿದ ಗುಂಡಿಯನ್ನೇ ಮತ್ತೆ ಒತ್ತಿ ರೋಗ ವಾಸಿಮಾಡಿದೆ. ಅವರು ಖುಷಿಯಾಗಿ ಚಹಾ ಕುಡಿಸಿದರು. ಕೋತಿ ಮುಖವನ್ನು ಎದುರಿಗೇ ಇಟ್ಟುಕೊಂಡು ಗುರುತಿಸಲಿಲ್ಲ.

ಫಲಿತಾಂಶ ಹೀಗಿತ್ತು: ಸಾವಿರ ಸಬ್‌ಸ್ಕ್ರೈಬರುಗಳಿದ್ದ ಚಾನಲ್ಲಿನ ಹೊಸ ವಿಡಿಯೊ ನೋಡಿದವರು ಹತ್ತೊಂಬತ್ತು ಜನ. ಕಂಪನಿಯ ಯಂತ್ರ ಹೊಸ ವಿಡಿಯೊವನ್ನು ಮೊದಲು ನಮ್ಮವರಿಗೇ ಬಡಿಸಿ ರುಚಿ ನೋಡುತ್ತದಂತೆ. ನಮ್ಮವರೇ ಮುಖ ತಿರುಗಿಸಿದರೆ ಉಳಿದವರಿಗೆ ಬಡಿಸುವುದಿಲ್ಲ. ಕದ್ದು ತಂದ ಸಾವಿರ ಜನ ಒಟ್ಟಾಗಿ ನನ್ನ ಕತ್ತು ಹಿಸುಕುತ್ತಿದ್ದರು. ಅಂಗಡಿಯ ಮಾಲೀಕ ಇರ್ಫಾನ್ ಭಾಯಿ ಎಲ್ಲ ನೋಡಿಯೂ ನೋಡದಂತೆ ಇದ್ದವರು ಅಂದು ಬಾಯಿ ಬಿಟ್ಟರು: “ಗ್ಲಾಸರೆ ಸೀದಾ ಅಂಟಿಸೋ ಮಾರಾಯ. ಅದೂ ಗುಳ್ಳಿ, ನಿನ್ನ ಚಾನಲ್ಲೂ ಗುಳ್ಳಿ.”

ಆ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದವರು ಚಿತ್ತಾಪುರದ ಹಣಮಂತ ಕಾಕಾ.

ರಿಪೇರಿಯಾದ ಫೋನುಗಳನ್ನು ಕೊಡಲು ನಾನು ಆಗಾಗ ಚಿತ್ತಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಕಾಳಗಿ ಕಡೆಗೆ ಹೋಗುವ ಜೀಪುಗಳು ನಿಲ್ಲುವ ಜಾಗದಲ್ಲಿ ಕಾಕಾ ಕೂಗುತ್ತಿದ್ದರು. ಅದೇ ಅವರ ಉದ್ಯೋಗ. ಜೀಪು ತುಂಬಿಸಿಕೊಟ್ಟರೆ ಡ್ರೈವರು ಕೈಗೆ ಏನಾದರೂ ಕೊಡುತ್ತಾನೆ, ತುಂಬದಿದ್ದರೆ ಇಲ್ಲ. ಹೊಲವಿಲ್ಲ, ಬೇರೆ ಕಸುಬಿಲ್ಲ, ಗಂಟಲೊಂದೇ ಆಸ್ತಿ.

“ಕಾಳಗೀ ಕಾಳಗೀ ಕಾಳಗೀ! ಗುಂಡಗುರ್ತಿ ನಡುವ, ಕಾಳಗಿ ಕಡಿಗಿ! ಕುಂದ್ರಾಕ ಸೀಟ್ ಅದ, ನಿಂದ್ರಾಕ ದೇವ್ರ ಅದಾನ, ಬರ್ರಿ ಬರ್ರಿ!”

ಮೂರು ಮಧ್ಯಾಹ್ನ ಎದುರಿನ ಚಹಾ ಹೋಟೆಲಿನಲ್ಲಿ ಕುಳಿತು ಆ ಕೂಗನ್ನು ಕಲಿತೆ. ಎರಡನೆಯ “ಕಾಳಗೀ”ಯಲ್ಲಿ ದನಿ ಒಡೆಯುವುದು, ನಡುವೆ ಬೀಡಿಯ ಕೆಮ್ಮು, ಕೊನೆಯಲ್ಲಿ ಮೂಗಿನಿಂದ ಹೊರಡುವ ಎಳೆತ. ಕೊರಳಿಗೆ ಟವೆಲು ಸುತ್ತಿಕೊಂಡು ವಿಡಿಯೊ ಮಾಡಿದೆ. ಕಾಕಾನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಒಂದು ತಿಂಗಳಲ್ಲಿ ಎಂಟು ಸಾವಿರ ಸಬ್‌ಸ್ಕ್ರೈಬರುಗಳು. ಈ ಸಲ ನಿಜವಾದವರು, ತಮ್ಮ ಬೆರಳಿನಿಂದಲೇ ಗುಂಡಿ ಒತ್ತಿದವರು. ಪುಣೆಗೂ ಹೈದರಾಬಾದಿಗೂ ದುಡಿಯಲು ಹೋದ ನಮ್ಮ ಕಡೆಯವರು “ಊರಿನ ನೆನಪಾಯಿತು” ಎಂದು ಬರೆದರು. ಊರಿನ ನೆನಪೆಂದರೆ ಒಬ್ಬ ಬಡವ ಕೆಮ್ಮುವುದು ಎಂದು ಅವರಿಗೂ ಅನಿಸಿತ್ತು, ನನಗೂ ಅನಿಸಿತ್ತು. ನಾವು ಒಬ್ಬರಿಗೊಬ್ಬರು ತಕ್ಕವರೇ.

ಹೊಗಳಿಕೆ ಕೇಳಿಸಿಕೊಳ್ಳಲೆಂದೇ ಮುಂದಿನ ತಿಂಗಳು ಚಿತ್ತಾಪುರಕ್ಕೆ ಹೋದೆ. ದೂರದಿಂದಲೇ ಕೂಗು ಕೇಳಿಸಿತು. ಹತ್ತಿರ ಹೋದರೆ ಅದು ಕಾಕಾನ ದನಿಯಲ್ಲ, ನನ್ನದು. ಜೀಪಿನ ಬಾನೆಟ್ಟಿನ ಮೇಲೆ ಒಂದು ಸ್ಪೀಕರ್ ಕುಳಿತು ಒದರುತ್ತಿತ್ತು. ಹಿಂದಿನ ಜೀಪಿನ ಮೇಲೂ ಒಂದು. ಡ್ರೈವರ್ ಸಿದ್ದು ನನ್ನನ್ನು ಕಂಡು ಅಪ್ಪಿಕೊಂಡ.

“ಬಾರಪ್ಪಾ ಕಲಾವಿದಾ! ನಿನ್ನ ವಿಡಿಯೊದಾಗಿಂದು ತಗದು ಪೆನ್‌ಡ್ರೈವಿಗಿ ಹಾಕೀವಿ. ಮುದುಕ ಚಹಾಕ್ಕ ಹೋಗ್ತಿದ್ದ, ಬೀಡಿಗಿ ಹೋಗ್ತಿದ್ದ. ಇದು ಎಲ್ಲೂ ಹೋಗಂಗಿಲ್ಲ, ಏನೂ ಕೇಳಂಗಿಲ್ಲ.”

“ಕಾಕಾ ಎಲ್ಲಿ?”

“ಅಲ್ಲಿ ಕುಂತಾನಲ್ಲ.”

ಕಾಕಾ ಹೋಟೆಲಿನ ಗೋಡೆಗೆ ಒರಗಿ ಕುಳಿತು ತಮ್ಮದೇ ಕೂಗನ್ನು ಕೇಳುತ್ತಿದ್ದರು. ನಾನು ಹೋಗಿ ನಿಂತೆ. ಅವರು ನನ್ನ ಮುಖ ನೋಡದೆ ಹೇಳಿದರು:

“ಮೊದ್ಲ ಗಂಟಲ ಹಿಡೀತಂದ್ರ ಮನ್ಯಾಗ ಒಲಿ ಹತ್ತತಿದ್ದಿಲ್ಲ. ಈಗ ಗಂಟಲ ಗಟ್ಟಿ ಅದ, ಒಲಿ ಹತ್ತವಲ್ದು. ಹದಿನೆಂಟು ದಿನ ಆತು. ನೀ ಓದಿದಂವ ಇದ್ದಿ, ಇದೆಂಥಾ ಆಟ ಹೇಳು ನನಗ.”

ನನಗೆ ಹೊಳೆದದ್ದು ನನ್ನ ಯೋಗ್ಯತೆಗೆ ತಕ್ಕದ್ದೇ. “ಕಾಕಾ, ನೀವೇ ನನ್ನ ಚಾನಲ್ಲಿಗಿ ಬರ್ರಿ. ಭಾಳ ಫೇಮಸ್ ಆಗ್ತೀರಿ” ಅಂದೆ.

“ನಿನ್ನ ಡಬ್ಬಿಯಾಗ ಕುಂದ್ರಾಕ ನಾ ಏನ್ ಉಪ್ಪಿನಕಾಯಿ ಏನಲೇ? ಎದ್ದು ಹೋಗು.”

ಅಂದು ಸಂಜೆಯೇ ವಿಡಿಯೊ ಅಳಿಸಿಹಾಕಿದೆ. ಬಹಳ ದೊಡ್ಡ ತ್ಯಾಗ ಮಾಡಿದವನಂತೆ ಮನೆಯಲ್ಲಿ ಊಟವನ್ನೂ ಸಣ್ಣ ಮುಖ ಮಾಡಿಕೊಂಡೇ ಮಾಡಿದೆ. ಆದರೆ ಪೆನ್‌ಡ್ರೈವುಗಳಿಗೆ ನನ್ನ ತ್ಯಾಗದ ಸುದ್ದಿ ತಲುಪಲಿಲ್ಲ. ಸ್ಪೀಕರ್ ನಿಲ್ಲಿಸು ಎಂದು ಸಿದ್ದೂನನ್ನು ಕೇಳಿಕೊಂಡೆ. ಆತ ನಕ್ಕ: “ನಾವೆಲ್ಲಾ ನಿನಗ ಸಬ್‌ಸ್ಕ್ರೈಬ್ ಮಾಡೀವಲ್ಲೋ. ಇನ್ನೇನು ಬೇಕು?”

ಆಗ ನನ್ನ ವೃತ್ತಿಜೀವನದ ಒಂದೇ ಒಂದು ಉಪಯುಕ್ತ ಜ್ಞಾನ ಕೈಹಿಡಿಯಿತು: ಯಾರೂ ಪೂರ್ತಿ ನೋಡುವುದಿಲ್ಲ, ಯಾರೂ ಪೂರ್ತಿ ಕೇಳುವುದಿಲ್ಲ. ಡ್ರೈವರುಗಳು ಸ್ಪೀಕರ್ ಹಚ್ಚಿ ಚಹಾಕ್ಕೆ ಹೋಗಿಬಿಡುತ್ತಿದ್ದರು. ನಾನು ಮನೆಯಲ್ಲಿ ಕುಳಿತು ಹೊಸ ಕೂಗೊಂದನ್ನು ರೆಕಾರ್ಡ್ ಮಾಡಿದೆ. “ಹೊಸದು, ಇನ್ನಾ ಜೋರ್ ಅದ, ಫುಕಟ್” ಎಂದು ಸಿದ್ದೂನಿಗೆ ಕೊಟ್ಟೆ. ಆತ ಮೊದಲ ಅರ್ಧ ನಿಮಿಷ ಕೇಳಿ ತಲೆದೂಗಿದ. ಅಲ್ಲಿ ನಿಲ್ಲುವ ಏಳೂ ಜೀಪಿನವರಿಗೆ ಹಂಚಿದ.

ಮರುದಿನ ಕಾಳಗಿಯ ಸಂತೆ. ಜೀಪುಗಳ ಸುತ್ತ ಮಂದಿಯೋ ಮಂದಿ, ಅವರ ನಡುವೆ ನಾನೂ. ಡ್ರೈವರುಗಳು ಹೋಟೆಲಿನಲ್ಲಿದ್ದರು. ಸ್ಪೀಕರುಗಳು ಅರ್ಧ ನಿಮಿಷ ಎಂದಿನಂತೆ ಕೂಗಿ, ಅದೇ ರಾಗದಲ್ಲಿ, ಅದೇ ಕೆಮ್ಮಿನೊಂದಿಗೆ ಮುಂದುವರಿದವು:

“ಕಾಳಗೀ ಕಾಳಗೀ! ಒಂಬತ್ತು ಮಂದಿ ಜೀಪಿನ್ಯಾಗ ಇಪ್ಪತ್ತು ಮಂದಿ ತುಂಬತಾರ, ನೋಡಿ ಹತ್ರಿ! ಈಗ ಬಿಡ್ತೀನಿ ಅಂತಾರ, ತಾಸಿನ ತನಕ ಬಿಡಂಗಿಲ್ಲ! ಬ್ರೇಕ್ ಇಲ್ಲಿ ಹಿಡದ್ರ ಗುಂಡಗುರ್ತಿಗಿ ನಿಂದರ್ತದ! ಡ್ರೈವರ್ ಸಾಹೇಬ್ರು ಗುಟ್ಕಾ ಉಗುಳ್ತಾರ, ಹೊಸಾ ಸೀರಿಯವ್ರು ಕಿಡಕಿ ಕಡಿ ಕುಂದ್ರಬ್ಯಾಡ್ರಿ!”

ಕಿಟಕಿಯ ಬಳಿ ಹೊಸ ಸೀರೆಯುಟ್ಟು ಕುಳಿತಿದ್ದ ಒಬ್ಬ ಹೆಂಗಸು ಸೆರಗು ಎಳೆದುಕೊಂಡು ಎದ್ದಳು. “ಅಯ್ಯ, ಇದು ಖರೇನೇ ಹೇಳಾಕತ್ತದಲ್ಲವ್ವಾ!” ಎಂದು ಇಳಿದಳು. ಆಕೆಯ ಹಿಂದೆ ಜೀಪೇ ಇಳಿಯಿತು. ಸಿದ್ದು ಚಹಾದ ಗ್ಲಾಸು ಹಿಡಿದೇ ಓಡಿಬಂದು ಅವಸರದಲ್ಲಿ ತಪ್ಪು ಗುಂಡಿ ಒತ್ತಿದ. ಸದ್ದು ಇನ್ನೂ ಏರಿತು. ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಆತ ನೇರ ನನ್ನ ಕೊರಳಪಟ್ಟಿಗೆ ಕೈಹಾಕಿದ. ಹೆದರಿದಾಗ ಎದುರಿಗಿದ್ದವರ ದನಿಯಲ್ಲೇ ಮಾತಾಡುವ ಕೆಟ್ಟ ಚಾಳಿ ನನಗಿದೆ. “ತಪ್ಪಾತಣ್ಣಾ” ಎಂದು ಸಿದ್ದೂನ ದನಿಯಲ್ಲೇ ಸಿದ್ದೂನ ಕ್ಷಮೆ ಕೇಳಿದೆ. ಅದಕ್ಕೆ ಎರಡು ಏಟು ಹೆಚ್ಚು ಬಿದ್ದವು. ತುಟಿ ಒಡೆಯಿತು.

ಸ್ಪೀಕರ್ ಬಂದ್ ಮಾಡಿದರೂ ಮಂದಿ ಹತ್ತಲಿಲ್ಲ. ಸಂತೆಯ ಗಿರಾಕಿ ಕೈತಪ್ಪುವ ಹೊತ್ತಾಯಿತು. ಕೊನೆಗೆ ಡ್ರೈವರುಗಳು ಗೋಡೆಯ ಬಳಿಗೆ ಹೋದರು. “ಕಾಕಾ, ಏಳ್ರಿ. ತಪ್ಪಾಗ್ಯಾದ” ಅಂದ ಸಿದ್ದು. ಕಾಕಾ ಅವಸರ ಮಾಡಲಿಲ್ಲ. ಬೀಡಿ ಮುಗಿಸಿ, “ದಿನಾ ಕರೀತೀರೋ, ಇವತ್ತೊಂದೇ ದಿನಾನೋ? ಮೊದ್ಲ ಅದು ಹೇಳ್ರಿ” ಅಂದರು. ದಿನಾ ಎಂದು ಎಲ್ಲರ ಬಾಯಲ್ಲೂ ಹೇಳಿಸಿಕೊಂಡ ಮೇಲೆಯೇ ಎದ್ದರು.

ಆಮೇಲೆ ನಾನು ಕಂಡದ್ದನ್ನು ಮೂರು ಮಧ್ಯಾಹ್ನ ಅಲ್ಲೇ ಕುಳಿತಿದ್ದರೂ ಕಂಡಿರಲಿಲ್ಲ. ಕಾಕಾ ಕೂಗುತ್ತಿದ್ದುದು ಊರಿನ ಹೆಸರನ್ನಲ್ಲ, ಮನುಷ್ಯರನ್ನು. “ಗೌಡ್ರ, ಮೊಣಕಾಲ ನೋವಿದ್ದವ್ರು ಮುಂದ ಬರ್ರಿ. ತಂಗಿ, ಕೂಸಿಗಿ ಬಿಸಲು ಬಡೀತದ, ಈ ಕಡಿ ಕುಂದ್ರು. ಯಕ್ಕಾ, ಗುಂಡಗುರ್ತಿಯವ್ರು ಬಾಗಲ ಕಡಿ, ಮೊದ್ಲ ಇಳಿಯವ್ರು ನೀವು.” ಕಾಲು ತಾಸಿನಲ್ಲಿ ಮೊದಲ ಜೀಪು ಹೊರಟಿತು. ಕೆಮ್ಮನ್ನು ಕದ್ದವನು ನಾನು, ಕೆಲಸ ನನಗೆ ಕಂಡೇ ಇರಲಿಲ್ಲ.

ಒಡೆದ ತುಟಿ ಹಿಡಿದುಕೊಂಡು ಅವರೆದುರೇ ನಿಂತಿದ್ದೆ. ಅತ್ತ ಇತ್ತ ನಿಂತವರನ್ನೆಲ್ಲ ಕರೆದರು. ನನ್ನನ್ನು ಕರೆಯಲಿಲ್ಲ, ವಾಡಿಯ ಗಾಡಿ ನಿಲ್ಲುವ ಕಡೆ ಗದ್ದ ತಿರುಗಿಸಿ ತೋರಿಸಿದರು, ಅಷ್ಟೇ.

“ಜೀಪಿನ ವಿಡಿಯೊ ಎಲ್ಲಿ?” ಎಂದು ಕೇಳಿ ಕೇಳಿ ಬೇಸತ್ತ ಸಬ್‌ಸ್ಕ್ರೈಬರುಗಳು ಬಂದಂತೆಯೇ ಹೋದರು. ಈಗ ಮೂರು ಸಾವಿರ ಚಿಲ್ಲರೆ ಉಳಿದಿದ್ದಾರೆ, ಅವರೇಕೆ ಉಳಿದರೋ ಗೊತ್ತಿಲ್ಲ. ಈ ಕೆಲಸ ನನಗೆ ಕಲಿಸಿದ ಪಾಠ ಒಂದೇ, ಅದನ್ನು ನಿಯಮವಾಗಿ ಪಾಲಿಸುತ್ತಿದ್ದೇನೆ: ಯಾರ ದನಿ ಎತ್ತಿಕೊಳ್ಳುವ ಮೊದಲೂ ಆತ ಆ ದನಿಯಿಂದಲೇ ಉಣ್ಣುತ್ತಾನೆಯೇ ಎಂದು ವಿಚಾರಿಸುತ್ತೇನೆ. ಉಣ್ಣುವವನಾದರೆ ಕೈಮುಗಿದು ಬಂದುಬಿಡುತ್ತೇನೆ. ಬಾಯಿ ಬಿದ್ದುಹೋದರೂ ತಿಂಗಳಿಗೆ ಸರಿಯಾಗಿ ಪಗಾರ ಬರುವವರನ್ನು ಮಾತ್ರ ಅನುಕರಿಸುತ್ತೇನೆ. ಚಾನಲ್ ಬೆಳೆಯುವುದು ನಿಧಾನ; ಆದರೆ ಅಂಥವರಿಗೆ ನಮ್ಮ ಕಡೆ ಯಾವ ತಾಲೂಕಿನಲ್ಲೂ ಕೊರತೆಯಿಲ್ಲ.