ಬಸ್ಸಿನಲ್ಲಿ ಕುಳಿತು ಅತ್ತೆ ನೋಡಿದ ಕಂಬಳ

ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವನು ನಾನು ಎಂದು ಎದೆ ತಟ್ಟಿಕೊಂಡು ತಿರುಗಿದ ಕಾಲ ಒಂದಿತ್ತು. ಉಡುಪಿಯಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ಹಾಗಾಗಿ ಆ ಮಾತು ನನ್ನ ಬಾಯಲ್ಲಿ ವ್ಯಾಪಾರದ ಮಾತಿನಂತೆಯೂ ಕೇಳುತ್ತಿತ್ತು. ಗೆಳೆಯರು ಯಾರಾದರೂ ದಾರಿಯಲ್ಲಿ ಏನೋ ಕಂಡಿತು, ಯಾರೋ ಹೆಸರು ಹಿಡಿದು ಕರೆದರು ಎಂದು ಶುರು ಮಾಡಿದರೆ, "ಒಮ್ಮೆ ಅಂಗಡಿಗೆ ಬಾ ಮಾರಾಯ, ನಂಬರು ನೋಡುವ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ಅವರೆಲ್ಲ ನಕ್ಕರೆ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ಇದು ನನ್ನ ಅತ್ತೆಯ, ಅಂದರೆ ಹೆಂಡತಿ ಶೋಭಾಳ ತಾಯಿಯ ವಿಷಯ. ಅವರ ಮನೆ ಎರ್ಮಾಳಿನಲ್ಲಿ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತ ಬರುವ ಕಾಯಿಲೆ ಅವರಿಗೆ ಅಂಟಿಕೊಂಡಿತ್ತು. ಮಣಿಪಾಲದಲ್ಲಿ ತೋರಿಸಲು ಅನುಕೂಲವಾಗಲಿ ಎಂದು ನಮ್ಮ ಮನೆಗೆ ಕರೆತಂದಿದ್ದೆವು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದ ಚೂರನ್ನು ಮದ್ದು ಬಿಟ್ಟು ಕಾಪಾಡಿಕೊಳ್ಳಬೇಕು, ಅದೂ ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಪೈಪಿನ ಒಳಗಿಂದ ನೋಡಿದ ಹಾಗೆ ನೇರ ಎದುರಿಗೆ ಇದ್ದದ್ದು ಮಾತ್ರ ಅವರಿಗೆ ಕಾಣುತ್ತಿತ್ತು. ಇದಕ್ಕೆ ಕನ್ನಡಕ ಮದ್ದಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಅಳಿಯ ಅನ್ನಿಸಿಕೊಂಡ ಮೇಲೆ ಕೈಕಟ್ಟಿ ಕೂರಲು ಆಗದೆ ಒಳ್ಳೆಯ ಫ್ರೇಮು ಹಾಕಿ ಒಂದು ಮಾಡಿಕೊಟ್ಟಿದ್ದೆ. ಅವರು ಅದನ್ನು ದಿನವಿಡೀ ಧರಿಸುತ್ತಿದ್ದರು, ನನಗೆ ಬೇಸರ ಆಗಬಾರದು ಎಂದು.

ಎರ್ಮಾಳಿನ ಮನೆಯ ದನದ ಹಟ್ಟಿಯಲ್ಲಿ ಅತ್ತೆ ಒಂದು ಕೋಣವನ್ನು ಸಾಕಿ ದೊಡ್ಡದು ಮಾಡಿದ್ದರು. ಹುಟ್ಟಿದ ವಾರದಲ್ಲೇ ತಾಯಿ ಎಮ್ಮೆ ಹಾವು ಕಚ್ಚಿ ಸತ್ತಿತ್ತು. ಅತ್ತೆ ಬಾಟ್ಲಿಯಲ್ಲಿ ಹಾಲು ಕುಡಿಸಿ, ಮಳೆಗಾಲದಲ್ಲಿ ಹಟ್ಟಿಯಲ್ಲೇ ಗೋಣಿ ಹಾಸಿಕೊಂಡು ಅದರ ಪಕ್ಕ ಮಲಗಿ ಬದುಕಿಸಿಕೊಂಡರಂತೆ. ಚೆನ್ನ ಎಂದು ಹೆಸರಿಟ್ಟರು. ಬೆಳೆಯುತ್ತ ಬಂದ ಹಾಗೆ ಅದರ ಓಟ ನೋಡಿ, ಕಾರ್ಕಳದ ಕಡೆಯ ಕಂಬಳದ ಯಜಮಾನರೊಬ್ಬರು ಹುಡುಕಿಕೊಂಡು ಬಂದು ಕೇಳಿದರು. ಮನೆಯಲ್ಲಿ ಬೇಸಾಯ ನಿಂತಿತ್ತು, ಇಟ್ಟುಕೊಂಡು ಮಾಡುವುದೇನು ಎಂದು ಕೊಟ್ಟುಬಿಟ್ಟರು. ಶೋಭಾ ಹೇಳುವ ಪ್ರಕಾರ ಆ ದಿನ ಅತ್ತೆ ಖಾಲಿ ಹಟ್ಟಿಯನ್ನು ಎರಡು ಸಲ ಗುಡಿಸಿದರಂತೆ.

ಚೆನ್ನ ಆಮೇಲೆ ಹಲವು ಕಂಬಳಗಳಲ್ಲಿ ಓಡಿದ. ಅತ್ತೆ ಒಂದಕ್ಕೂ ಹೋಗಿರಲಿಲ್ಲ. ಹೆಂಗಸರು ಹೋಗುವ ಜಾಗವಲ್ಲ ಎಂಬ ಹಳೆಯ ಮಾತು ಅವರ ತಲೆಯಲ್ಲಿ ಕುಳಿತಿತ್ತು. ಮೊಬೈಲಿನಲ್ಲಿ ಲೈವ್ ತೋರಿಸಿದರೆ, "ಇರುವೆ ಓಡಿದ ಹಾಗೆ ಕಾಣ್ತದೆ, ಅದರಲ್ಲಿ ಇವನು ಯಾವುದು?" ಎನ್ನುತ್ತಿದ್ದರು. ಆದರೆ ಡಾಕ್ಟರ ಮಾತು ಕೇಳಿ ಬಂದ ದಿನ, ಊಟಕ್ಕೆ ಕುಳಿತಾಗ ನನ್ನ ಕಡೆ ತಿರುಗಿ ಕೇಳಿದರು, "ನನ್ನ ಚೆನ್ನ ಓಡುವುದನ್ನು ಒಮ್ಮೆ ನೋಡ್ಬೇಕಿತ್ತು ಮಾರಾಯ್ರೇ, ಕಣ್ಣು ಪೂರಾ ಹೋಗುವ ಮೊದಲು. ಕರ್ಕೊಂಡು ಹೋಗ್ತೀರಾ?" ಅತ್ತೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಗಲಿ ಎಂದೆ.

ಕಾರಿನಲ್ಲಿ ಕುಳಿತರೆ ಅತ್ತೆಗೆ ಎರಡನೆಯ ತಿರುವಿನಲ್ಲೇ ವಾಂತಿ. ಕಿಟಕಿ ತೆರೆದಿರುವ ಬಸ್ಸಾದರೆ ಅಡ್ಡಿಯಿಲ್ಲ. ಕಾರ್ಕಳದ ಹತ್ತಿರ ಕಂಬಳ ಇದ್ದ ಶನಿವಾರ ಅಂಗಡಿಗೆ ಬೀಗ ಹಾಕಿ, ಊಟ ಮುಗಿಸಿ, ಹಿರಿಯಡ್ಕ ಬೈಲೂರು ದಾರಿಯ ಸರ್ವಿಸ್ ಬಸ್ಸು ಹತ್ತಿದೆವು. ಶೋಭಾ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ಡ್ಯೂಟಿ ಇತ್ತು. ಚೆನ್ನನನ್ನು ನೋಡಿಕೊಳ್ಳುವ ಸುಧಾಕರನಿಗೆ ಫೋನು ಮಾಡಿದ್ದೆ. ಸಂಜೆ ಹೊತ್ತಿಗೆ ಚೆನ್ನನ ಸರದಿ ಬರುತ್ತದೆ, ಸಮಯವುಂಟು, ಆರಾಮದಲ್ಲಿ ಬನ್ನಿ ಎಂದಿದ್ದ.

ಅತ್ತೆ ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟಿದ್ದರು. ಹೊರಡುವಾಗ ನನ್ನ ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ ಆಗಿದೆ ಎಂದು ತೋರಿಸಿ, ಕಣ್ಣಿನ ಅಂಗಡಿಯವರ ಅವಸ್ಥೆ ನೋಡು ಎಂದು ನನ್ನ ಮಗಳ ಹತ್ತಿರ ಹೇಳಿ ನಕ್ಕಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಆ ಸೀಟಿನಲ್ಲೇ ಬೈಲೂರಿನ ಮಗಳ ಮನೆಗೆ ಹೊರಟಿದ್ದ ಬ್ಯಾರಿ ಹೆಂಗಸೊಬ್ಬರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ. ಇಬ್ಬರೂ ಪರ್ಕಳ ದಾಟುವ ಮೊದಲೇ ಮಂಡಿನೋವಿನ ಎಣ್ಣೆಗಳ ಬಗ್ಗೆ ಮಾತಿಗೆ ಇಳಿದಿದ್ದರು. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಅತ್ತೆ ರಸ್ತೆ ಬದಿಯ ಕಲ್ಲಂಗಡಿ ರಾಶಿಯನ್ನು ಕಂಡು, ಬರುವಾಗ ಒಂದು ತೆಗೆದುಕೊಳ್ಳುವ ಎಂದರು.

ಬೈಲೂರು ಇನ್ನೂ ದೂರ ಇರುವಾಗ ಕಾಡಿನ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಮುಂದೆ ಕಲ್ಲು ಹೇರಿದ ಲಾರಿಯೊಂದು ಅಡ್ಡ ನಿಂತು, ಅದರ ಹಿಂದಿನ ಚಕ್ರ ಚರಂಡಿಗೆ ಇಳಿದಿತ್ತು. ಎರಡೂ ಕಡೆ ವಾಹನಗಳ ಸಾಲು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಕ್ರೇನು ಬರದೆ ಲಾರಿ ಏಳುವ ಹಾಗಿರಲಿಲ್ಲ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ನಾನು ಇಳಿದು ಲಾರಿಯ ಆಚೆ ಬದಿಗೆ ಹೋಗಿ ರಿಕ್ಷಾ ಏನಾದರೂ ಸಿಗುತ್ತದೋ ಎಂದು ನೋಡಿದೆ. ಸಿಗಲಿಲ್ಲ. ಬಿಸಿಲು ಮರಗಳ ತುದಿಗೆ ಏರುತ್ತಿತ್ತು. ಒಬ್ಬ ಹೆಂಗಸಿನ ಒಂದೇ ಒಂದು ಆಸೆ, ಅದನ್ನೂ ನಡೆಸಿಕೊಡಲಾರದೆ ಹೋದೆನಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬಸ್ಸಿಗೆ ಮರಳಿ, "ಅತ್ತೆ, ಇನ್ನೊಂದು ಕಂಬಳ ಬರ್ತದೆ, ಅದಕ್ಕೆ ಬೆಳಿಗ್ಗೆಯೇ ಹೊರಡುವ" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊರಗೆ ಮುಳ್ಳಿನ ಪೊದೆ, ಅದರ ಹಿಂದೆ ಕೆಂಪು ಮುರಕಲ್ಲಿನ ದಿಣ್ಣೆ, ಅಷ್ಟೇ ಇದ್ದದ್ದು.

ಸ್ವಲ್ಪ ಹೊತ್ತಿನ ಮೇಲೆ ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಚೆನ್ನನನ್ನು ಕರೆಗೆ ಇಳಿಸಿದ್ರು," ಎಂದರು.

ಕರೆ ಎಂದರೆ ಕೋಣಗಳು ಓಡುವ ಕೆಸರಿನ ಗದ್ದೆ. ಪಾಪ, ಮನಸ್ಸಿನಲ್ಲೇ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆದರೆ ಅವರ ದನಿ ಊಹೆ ಮಾಡುವವರ ದನಿಯಾಗಿರಲಿಲ್ಲ. ಅಂಗಳದಲ್ಲಿ ನಡೆಯುವುದನ್ನು ಒಳಗಿದ್ದವರಿಗೆ ಹೇಳುವ ಹಾಗೆ ಹೇಳುತ್ತಿದ್ದರು. "ಎಡಕ್ಕೆ ಕಟ್ಟಿದ್ದಾರಲ್ಲ. ಎಂತಕ್ಕೆ ಎಡಕ್ಕೆ ಕಟ್ಟಿದ್ದು? ಅವನು ಬಲದವನಲ್ವಾ?" ಎಂದು ಆಕ್ಷೇಪಿಸಿದರು. ಕಂಬಳದ ಜೋಡಿಯಲ್ಲಿ ಒಂದೊಂದು ಕೋಣಕ್ಕೆ ಒಂದೊಂದು ಬದಿಯ ಅಭ್ಯಾಸ ಇರುತ್ತದೆ. ಚೆನ್ನ ಬಲಕ್ಕೇ ಓಡುವವನು ಎಂದು ನನಗೂ ಗೊತ್ತಿತ್ತು.

ಆಮೇಲೆ, "ಬಿಟ್ರು" ಎಂದರು. ಅವರ ಕಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. "ಹೋಗು ಮಗಾ, ಹೋಗು" ಎಂದು ಮೆಲ್ಲಗೆ, ಹಾಲು ಕುಡಿಸುವಾಗ ಹೇಳುವ ಹಾಗೆ ಹೇಳಿದರು. ಬಸ್ಸಿನಲ್ಲಿ ಮಾತುಗಳು ಒಂದೊಂದಾಗಿ ನಿಂತವು. ಬ್ಯಾರಿ ಹೆಂಗಸು ಗಾಬರಿಯಾಗಿ, "ಎಂತ ಆಯ್ತು ಅಕ್ಕಾ?" ಎನ್ನುತ್ತ ಅತ್ತೆಯ ಭುಜ ಬಳಸಿ ಹಿಡಿದುಕೊಂಡರು. ಅತ್ತೆ ಸೀಟಿನಿಂದ ಅರ್ಧ ಎದ್ದರು. "ಜಾರಿದ! ಓಡಿಸುವವ ಜಾರಿದ. ಹಗ್ಗ ಬಿಡ್ಲಿಲ್ಲ, ಕೆಸರಲ್ಲಿ ಎಳ್ಕೊಂಡು ಹೋಗ್ತಾ ಉಂಟು. ಚೆನ್ನ ನಿಧಾನ ಮಾಡಿದ, ನೋಡಿ, ಅವನಿಗೆ ಪೆಟ್ಟಾಗ್ತದೆ ಅಂತ ನಿಧಾನ ಮಾಡಿದ." ಮತ್ತೆ ಕುಳಿತು ಉಸಿರು ಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನೇ ಕೇಳಿದ, "ಗೆದ್ದಿತಾ ಅಮ್ಮ?"

"ಇಲ್ಲ ಮಗಾ, ಸೋತ. ಆದ್ರೆ ಚಂದ ಓಡಿದ," ಎಂದರು ಅತ್ತೆ. ಅವರ ಮುಖವನ್ನು ನಾನು ಅಷ್ಟು ಸಂತೋಷದಲ್ಲಿ ಎಂದೂ ಕಂಡಿರಲಿಲ್ಲ. ಬಳಿಕ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಕೆಸರು ಹಾರಿದೆ, ಒರೆಸಿ ಕೊಡಿ ಎಂದರು. ಕಸುಬಿನ ಅಭ್ಯಾಸ ನೋಡಿ, ಕೊಟ್ಟದ್ದೇ ತಡ ಜೇಬಿನ ಬಟ್ಟೆ ತೆಗೆದು ಒರೆಸಿಬಿಟ್ಟೆ. ಬಟ್ಟೆ ಕಂದಾಗಿತ್ತು. ಅದು ಕೆಸರೋ, ಕಿಟಕಿಯಿಂದ ಬಂದ ರಸ್ತೆಯ ಧೂಳೋ ಎಂದು ಒರೆಸುವ ಮೊದಲು ನೋಡಬೇಕಿತ್ತು. ನೋಡಲಿಲ್ಲ, ಆದ್ದರಿಂದ ಅದರ ಬಗ್ಗೆ ನಾನು ಏನೂ ಹೇಳಲಾರೆ.

ಲಾರಿ ಎದ್ದು ನಾವು ಕಾರ್ಕಳ ಮುಟ್ಟಿ, ರಿಕ್ಷಾ ಹಿಡಿದು ಕಂಬಳದ ಗದ್ದೆಗೆ ಬಂದಾಗ ದೀಪಗಳು ಹತ್ತಿದ್ದವು. ಮೈಕಿನ ಅಬ್ಬರ, ಗೋಬಿ ಮಂಚೂರಿಯ ಹೊಗೆ, ಜನವೋ ಜನ. ಕತ್ತಲಾದರೆ ಅತ್ತೆ ಯಾವಾಗಲೂ ನನ್ನ ತೋಳು ಹಿಡಿದೇ ನಡೆಯುವವರು, ಆವತ್ತೂ ಹಾಗೆಯೇ ಬಂದರು. ಕೋಣಗಳನ್ನು ಕಟ್ಟಿದ ಕಡೆ ಸುಧಾಕರ ಸಿಕ್ಕಿದ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳತೊಡಗಿದ, "ಒಂಚೂರು ಮೊದಲು ಬರ್ಬೇಕಿತ್ತು ನೀವು. ಓಡಿ ಆಯ್ತು. ಇವನ ಜೋಡಿಗೆ ಬೆಳಿಗ್ಗೆ ಕಾಲು ನೋವು ಬಂತು, ಬದಲಿಗೆ ತಂದದ್ದು ಬಲಕ್ಕೆ ಮಾತ್ರ ಓಡುವ ಕೋಣ. ಹಾಗಾಗಿ ಚೆನ್ನನನ್ನು ಎಡಕ್ಕೆ ಕಟ್ಟಬೇಕಾಯ್ತು. ಮತ್ತೆ ಓಡಿಸುವವ ಬೇರೆ ನಡುವಲ್ಲಿ ಜಾರಿದ. ಅಭ್ಯಾಸ ಇಲ್ಲದ ಬದಿ ಅಲ್ವಾ, ಇವನ ಓಟವೂ ಅಲ್ಲೇ ಕಮ್ಮಿ ಆಯ್ತು."

ನಾನು ಅತ್ತೆಯ ಕಡೆ ನೋಡಿದೆ. ಅವರು ಮಾತ್ರ, "ಅಭ್ಯಾಸ ಇಲ್ಲದ್ದಕ್ಕೆ ಅಲ್ಲ" ಎಂದರು.

ಚೆನ್ನ ನಮ್ಮಿಂದ ನಾಲ್ಕು ಮಾರು ದೂರದಲ್ಲಿ, ದೊಡ್ಡ ದೀಪದ ಕೆಳಗೆ ನಿಂತಿದ್ದ. ಮೈ ತೊಳೆಸಿಕೊಂಡು ಕರ್ರಗೆ ಮಿಂಚುತ್ತಿದ್ದ. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಬೆಳಕು. ಅತ್ತೆ ಅವನ ಕಡೆಗೇ ಮುಖ ಮಾಡಿ ನಿಂತಿದ್ದರು. ನನ್ನ ತೋಳು ಜಗ್ಗಿ ಮೆಲ್ಲಗೆ ಕೇಳಿದರು, "ಚೆನ್ನ ಯಾವ ಬದಿಯಲ್ಲಿ ಇದ್ದಾನೆ? ನನ್ನನ್ನು ಅವನ ಹತ್ತಿರ ನಿಲ್ಲಿಸಿ."

ಮೊದಲು ನನಗೆ ಅರ್ಥವಾಗಲಿಲ್ಲ. ಅವರ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಕಣ್ಣು ಪೂರಾ ಹೋಗಿತ್ತು. ಅವರನ್ನು ನಡೆಸಿಕೊಂಡು ಹೋಗಿ ಚೆನ್ನನ ಎದುರು ನಿಲ್ಲಿಸಿದೆ. ಸುಧಾಕರ ಹಗ್ಗ ಬಿಗಿ ಹಿಡಿದ. ಹಿಡಿಯುವ ಅಗತ್ಯ ಇರಲಿಲ್ಲ. ಚೆನ್ನ ಮೂಸಿ ನೋಡಿ, ತಲೆ ತಗ್ಗಿಸಿ, ಮೂತಿಯನ್ನು ಆ ಒಳ್ಳೆಯ ಸೀರೆಯ ಮೇಲೆ ಒತ್ತಿ ನಿಂತ. ಅತ್ತೆ ಅವನ ಹಣೆ, ಕಿವಿ, ಕೊಂಬಿನ ಬುಡ ಎಲ್ಲ ಸವರಿದರು. ಯಾವಾಗಿನಿಂದ ಹೀಗೆ ಅತ್ತೆ ಎಂದು ಕೇಳಿದೆ. "ಶೋಭಾಳಿಗೆ ಇವತ್ತು ಹೇಳುವುದು ಬೇಡ. ನೋಡ್ಲಿಕ್ಕೆ ಬಂದದ್ದು ನೋಡಿ ಆಯ್ತಲ್ಲ," ಎಂದರು.

ಆಮೇಲೆ ನಾನು ಎಷ್ಟೋ ಬಗೆಯಲ್ಲಿ ಲೆಕ್ಕ ಹಾಕಿದ್ದೇನೆ. ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಲೈವ್ ಕೇಳಿರಬಹುದೇ? ಅಲ್ಲಿ ಯಾರಿಗೂ ಸಿಗ್ನಲ್ ಇರಲಿಲ್ಲ. ಸುಧಾಕರ ಮೊದಲೇ ಹೇಳಿದ್ದನೇ? ಅವನ ಬಳಿ ಅತ್ತೆಯ ನಂಬರು ಇರಲಿ, ಅತ್ತೆಯ ಬಳಿ ಫೋನೇ ಇರಲಿಲ್ಲ. ಆ ಓಟದ ವಿಡಿಯೋವನ್ನು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಎಷ್ಟು ಸಲ ಹಾಕಿ ನೋಡಿದ್ದೇನೋ. ಅತ್ತೆ ಹೇಳಿದ ಹಾಗೆಯೇ ಇದೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಚೆನ್ನ ನಿಧಾನ ಮಾಡಿದ್ದು ಯಾಕೆ ಎಂಬುದು ಮಾತ್ರ ವಿಡಿಯೋದಲ್ಲಿ ಗೊತ್ತಾಗುವುದಿಲ್ಲ. ಇಂಥ ಕಾಯಿಲೆಯಲ್ಲಿ ಕೊನೆಯ ಎಳೆ ಯಾವ ಗಳಿಗೆಯಲ್ಲಿ ಹರಿಯಿತು ಎಂದು ಹೇಳಲಾಗದು ಎಂದರು ಡಾಕ್ಟರು. ಹಿರಿಯಡ್ಕದಲ್ಲಿ ಕಲ್ಲಂಗಡಿ ಕಂಡವರಿಗೆ ಕಾರ್ಕಳದಲ್ಲಿ ಕೋಣ ಕಾಣಲಿಲ್ಲ. ನಡುವೆ ಇದ್ದದ್ದು ಆ ತಿರುವು. ಉಳಿದಿದ್ದ ಅಷ್ಟೂ ಬೆಳಕನ್ನು ಅವರು ಅಲ್ಲೇ ಕುಳಿತು ಒಮ್ಮೆಗೇ ಮುಗಿಸಿಬಿಟ್ಟರೇ? ಹಾಗೆ ಮುಗಿಸಲು ಬರುತ್ತದೆಯೇ? ಕಣ್ಣಿನ ವಿಷಯ ಓದಿಯೇ ಅನ್ನ ತಿನ್ನುವ ನನಗೆ ಇವತ್ತಿಗೂ ತಿಳಿದಿಲ್ಲ.

ಅತ್ತೆ ಈಗಲೂ ನಮ್ಮೊಂದಿಗೇ ಇದ್ದಾರೆ. ಮೊಮ್ಮಗಳು ಶಾಲೆಯಿಂದ ಬಂದವಳೇ ಅವರ ಕೈ ಹಿಡಿದು ಅಂಗಳದಲ್ಲಿ ನಡೆಸುತ್ತಾಳೆ. ಈ ಎರಡು ವರ್ಷದಲ್ಲಿ ಅವಳು ಎಷ್ಟು ಎತ್ತರ ಆಗಿದ್ದಾಳೆ, ಅವಳ ಮುಖ ಹೇಗೆ ಶೋಭಾಳ ಹಾಗೇ ಆಗುತ್ತಿದೆ, ಒಂದನ್ನೂ ಅತ್ತೆ ಕಂಡಿಲ್ಲ. ಒಂದು ಸಂಜೆ ನನಗೆ ತಡೆಯಲಿಲ್ಲ. ಆವತ್ತು ಕಾಣುವುದೇ ಕೊನೆಯ ಸಲ ಎಂದು ಗೊತ್ತಿದ್ದರೆ ಈ ಹುಡುಗಿಯ ಮುಖವನ್ನೇ ನೋಡಿಕೊಳ್ಳುತ್ತಿದ್ದಿರಲ್ಲ ಅತ್ತೆ, ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರಿಗೆ ಬೇಸರ ಆಗಲಿಲ್ಲ. ಮೊಮ್ಮಗಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಹೇಳಿದರು, "ಇವಳು ದಿನಾ ಬಂದು ಕೈ ಹಿಡೀತಾಳೆ ಮಾರಾಯ್ರೇ. ಚೆನ್ನನಿಗೆ ಬಸ್ಸು ಹತ್ತಿ ಬರ್ಲಿಕ್ಕೆ ಆಗ್ತದಾ?"